ಗೋಧಿ ಕಾಳಿನಷ್ಟು ಸುಣ್ಣ

ನನ್ನ ದಿನಚರಿಯ ಒಂದು ಪುಟದಲ್ಲಿ ‘ಬೀಗದ ಕೈ ದೇವರ ಗೂಡಿನ ಎಡಕ್ಕೆ, ಮೊಳೆಗೆ’ ಎಂದು ಬರೆದಿದೆ. ಮೂರು ದಿನ ಬಿಟ್ಟು ಅದೇ ಸಾಲು ಮತ್ತೆ ಬರುತ್ತದೆ. ಆ ಮನೆಯಲ್ಲಿ ನಾಲ್ಕು ವರ್ಷ ಬಾಳುವೆ ಮಾಡಿದ್ದವಳು, ಇತಿಹಾಸದಲ್ಲಿ ಎಂ.ಎ. ಮಾಡಿ ಪದವಿಪೂರ್ವ ಕಾಲೇಜಿನ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು, ತನ್ನ ಮನೆಯ ಬೀಗದ ಕೈ ಎಲ್ಲಿದೆ ಎಂದು ಬರೆದುಕೊಂಡಿದ್ದಾಳೆ. ಅಕ್ಷರ ನನ್ನದೇ. ಬರೆದದ್ದು ಮಾತ್ರ ನನಗೆ ನೆನಪಿಲ್ಲ.

ಆದ್ದರಿಂದ ಇಲ್ಲಿ ಹೇಳುವುದರಲ್ಲಿ ದಿನಚರಿಯಲ್ಲಿ ಇದ್ದದ್ದು ಯಾವುದು, ಬರೀ ನೆನಪು ಯಾವುದು ಎಂದು ಆದಷ್ಟು ಬೇರೆ ಮಾಡಿ ಹೇಳುತ್ತೇನೆ. ಥೈರಾಯ್ಡ್ ಕುಂದಿದವರು ಇದನ್ನು ಓದಿದರೆ ನನ್ನ ತಡವರಿಕೆ ಅವರಿಗೆ ಅರ್ಥವಾಗುತ್ತದೆ. ಹೀಗೆ ಆಗುವುದು ತಮಗೊಬ್ಬರಿಗೇ ಅಲ್ಲ ಎಂದು ಅವರಿಗೆ ಅನ್ನಿಸಿದರೆ ಸಾಕು. ಉಪದೇಶ ಮಾಡುವಷ್ಟು ನಾನಿನ್ನೂ ಗುಣವಾಗಿಲ್ಲ.

ನಮ್ಮ ಮನೆ ಮುದ್ದೇಬಿಹಾಳದ ಅಂಚಿನಲ್ಲಿದೆ. ಹಿತ್ತಲಿನಲ್ಲಿ ಮಾವನವರ ಅಪ್ಪ ಕಟ್ಟಿದ ಸುಣ್ಣದ ಭಟ್ಟಿ; ಈಗ ಅದರ ಬಾಯಿ ಕುಸಿದು ಒಳಗೆ ಜಾಲಿ ಬೆಳೆದಿದೆ. ಡಬ್ಬಿಯ ಬಣ್ಣ ಬಂದ ಮೇಲೆ ಗೋಡೆಗೆ ಸುಣ್ಣ ಹೊಡೆಸುವವರು ಕಡಿಮೆಯಾಗಿ ಭಟ್ಟಿ ಆರಿತು. ಆದರೂ ಮಾವ ಹಣಮಂತಪ್ಪನವರು ಕೈ ಬಿಟ್ಟಿಲ್ಲ. ಬೇರೆ ಕಡೆ ಸುಟ್ಟ ಕಲ್ಲು ತರಿಸಿ, ಮಣ್ಣಿನ ಹರವಿಯಲ್ಲಿ ನೀರು ಹಾಕಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಎಲೆ ಅಡಿಕೆ ಅಂಗಡಿಗಳಿಗೆ ಕೊಡುತ್ತಾರೆ. ನನ್ನ ಗಂಡ ಪರಸಪ್ಪ ಬಸವನ ಬಾಗೇವಾಡಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಾರೆ. ಅತ್ತೆ ನನ್ನ ಮದುವೆಯಾದ ಮೂರನೆಯ ವರ್ಷಕ್ಕೆ ತೀರಿಕೊಂಡರು. ಹೀಗಾಗಿ ಮನೆಯಲ್ಲಿ ನಾವು ಮೂವರೇ.

ಅತ್ತೆ ಇರುವವರೆಗೆ ಮಾವ ನನ್ನೊಡನೆ ನೇರವಾಗಿ ಮಾತಾಡಿದವರಲ್ಲ. ನಾನು ಎದುರಿಗೇ ನಿಂತಿದ್ದರೂ ಅತ್ತೆಯ ಕಡೆ ತಿರುಗಿ, “ರೊಟ್ಟಿ ಆದುವೇನಂತ ಕೇಳು” ಎನ್ನುತ್ತಿದ್ದರು. ಅತ್ತೆ ಹೋದ ಮೇಲೆ ಕೆಲವು ದಿನ ಕಂಬಕ್ಕೆ ಹೇಳುತ್ತಿದ್ದರು. ಕಂಬ ಉತ್ತರ ಕೊಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನನ್ನು ‘ಯವ್ವಾ’ ಎನ್ನತೊಡಗಿದರು.

ಕಾಯಿಲೆ ಯಾವಾಗ ಶುರುವಾಯಿತು ಎಂದು ನನಗೆ ಹೇಳಲು ಬರುವುದಿಲ್ಲ. ದಿನಚರಿಯಲ್ಲಿ ಮೊದಲು ಸಿಗುವುದು ಹೊಟ್ಟೆ. ‘ಇಂದಿಗೆ ನಾಲ್ಕು ದಿನ’ ಎಂಬ ಟಿಪ್ಪಣಿಗಳಿವೆ. ಮೂಲವ್ಯಾಧಿ ಆದೀತೆಂಬ ಹೆದರಿಕೆ ಇದೆ. ಊಟ ಮಾಡಿದರೆ ಹೊಟ್ಟೆ ತಮಟೆಯಂತೆ ಬಿಗಿಯುತ್ತಿತ್ತು, ಮಾಡದಿದ್ದರೆ ಎದೆ ಉರಿಯುತ್ತಿತ್ತು. ಊರಿನ ಡಾಕ್ಟರು ಒಂದು ವರ್ಷ ಗ್ಯಾಸಿನ ಗುಳಿಗೆ ಕೊಟ್ಟರು. ಇಂಡಿ ಪಟ್ಟಣದಲ್ಲಿರುವ ಅಕ್ಕ ಒಂದು ಚೀಲ ನಿಂಬೆಹಣ್ಣು ಕಳಿಸಿದಳು. ಮುಖ ಊದಿತು, ಕೂದಲು ಬಾಚಣಿಗೆಯಲ್ಲಿ ಉಳಿಯತೊಡಗಿತು. ಬಿಸಿಲಿಗೆ ಡಾಂಬರು ಕರಗುವ ದಿನಗಳಲ್ಲಿ ನಾನು ಸ್ವೆಟರ್ ಹಾಕಿಕೊಂಡು ತರಗತಿಗೆ ಹೋದೆ. ಹಿಂದಿನ ಬೆಂಚಿನಿಂದ ಒಂದು ದನಿ: “ಮೇಡಂ ಅವರು ಇನ್ನೂ ಹಿಮಾಲಯದ ಪಾಠದಾಗ ಅದಾರ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬೋರ್ಡಿನ ಕಡೆ ತಿರುಗಿದರೆ ಯಾವ ಪಾಠ ಹೇಳುತ್ತಿದ್ದೆ ಎಂಬುದೇ ಮರೆತಿತ್ತು.

ಅಕ್ಕ ಫೋನಿನಲ್ಲಿ ಬೈದಳು. “ಹೊಟ್ಟಿ ಹೊಟ್ಟಿ ಅಂತ ಕುಂದ್ರಬ್ಯಾಡ. ಕುತಗಿ ತೋರಿಸು. ನಮ್ಮ ಓಣ್ಯಾಗ ಒಬ್ಬಾಕಿ ಹಿಂಗ ಊದಿದ್ಲು, ರಕ್ತಾ ತಗದು ನೋಡಿದ್ರ ಥೈರಾಯಿಡ್ ಇತ್ತು.”

ವಿಜಯಪುರದ ಒಂದು ಆಸ್ಪತ್ರೆಯಲ್ಲಿ ರಕ್ತ ಕೊಟ್ಟೆವು. ಲೇಡಿ ಡಾಕ್ಟರು ಚೀಟಿ ನೋಡಿ, “ಇಷ್ಟು ದಿನ ಹೆಂಗ ಅಡ್ಡಾಡಿದ್ರಿ?” ಎಂದರು. ಆ ಮಾತಿಗೆ ನನಗೆ ಅಳು ಬಂತು. ನಾನು ಸೋಮಾರಿಯಲ್ಲ, ಹುಚ್ಚಿಯಲ್ಲ, ನನಗೆ ಒಂದು ರೋಗವಿದೆ ಎಂದು ಯಾರೋ ಒಪ್ಪಿಕೊಂಡಂತಾಯಿತು. ದಿನಾ ಒಂದು ಸಣ್ಣ ಬಿಳಿ ಗುಳಿಗೆ, ಬಹುಶಃ ಜೀವನಪೂರ್ತಿ. ಹೊಟ್ಟೆಯ ಬಿಗಿತ ಕೂಡ ಅದರಿಂದಲೇ ಇಳಿದೀತು ಎಂದರು. ನನಗೆ ಆಗ ಮೂವತ್ತಮೂರು. ಮಕ್ಕಳಿರಲಿಲ್ಲ. ಡಾಕ್ಟರು ಟಿಎಸ್‌ಎಚ್ ಎಂದು ಬರೆದಿದ್ದ ಅಂಕಿಗೆ ಗೆರೆ ಎಳೆದು, “ಇದು ಎರಡೂವರಿಗಿಂತ ಕೆಳಗ ಬರಲಿ. ಆಮ್ಯಾಲ ಕೂಸಿನ ವಿಚಾರ ಮಾಡ್ರಿ” ಎಂದರು. ಅವತ್ತು ಅದು ಅರವತ್ತರ ಮೇಲಿತ್ತು. ಅಂದಿನಿಂದ ನನ್ನ ಬದುಕು ಆ ಒಂದು ಅಂಕಿಯ ಹಿಂದೆ ಬಿತ್ತು. ಅದು ಇಳಿದರೆ ಮಗು, ಇಳಿಯದಿದ್ದರೆ ಇಲ್ಲ.

ಗುಳಿಗೆ ಹೇಗೆ ತೆಗೆದುಕೊಳ್ಳಬೇಕೆಂದು ಯಾರೂ ನನಗೆ ಹೇಳಲಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಅಕ್ಕನ ಮುಂದೆ ಆಣೆ ಮಾಡಿಯೂ ಹೇಳಿದ್ದೇನೆ. ದಿನಚರಿಯ ಆ ದಿನದ ಪುಟದಲ್ಲಿ ನನ್ನದೇ ಕೈಬರಹದಲ್ಲಿ ಹೀಗಿದೆ: ‘ಎದ್ದ ಕೂಡಲೇ, ಬರೀ ನೀರಿನಲ್ಲಿ. ಅರ್ಧ ತಾಸು ಏನೂ ಬೇಡ. ಬೇರೆ ಗುಳಿಗೆಯ ಸಂಗಡ ಬೇಡ.’ ಅಂದರೆ ಹೇಳಿದ್ದಾರೆ. ನಾನು ಕೇಳಿದ್ದೇನೆ, ಬರೆದುಕೊಂಡೂ ಇದ್ದೇನೆ. ಮತ್ತೆ ಆ ಪುಟ ತೆರೆದು ನೋಡಿಲ್ಲ, ಅಷ್ಟೇ.

ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಅಂಕಿ ಇಳಿಯಿತು, ಎರಡೂವರೆಗೆ ಬರಲಿಲ್ಲ, ಆದರೆ ಇಳಿಯಿತು. ಹೊಟ್ಟೆ ಮಾತ್ರ ಹಾಗೆಯೇ ಇತ್ತು. ಬೆಳಿಗ್ಗೆ ಬರೀ ನೀರು ಕುಡಿದರೆ ಓಕರಿಕೆ ಬಂದು ಒಂದೆರಡು ಸಲ ಗುಳಿಗೆಯೇ ಹೊರಗೆ ಬಿತ್ತು. ಅದನ್ನು ಮಾವ ಹಿತ್ತಲಿನಿಂದ ನೋಡಿದರು.

“ಯವ್ವಾ, ಹೊಟ್ಟಿ ಹಗರ ಆಗವಲ್ದೇನು?”

“ಇಲ್ಲರಿ ಮಾವಾರ.”

“ದವಾಖಾನಿ ಗುಳಗಿ ನುಂಗೂದು ಬ್ಯಾಡ ಅನ್ನಂಗಿಲ್ಲ ನಾ. ಅದರ ಜೋಡಿ ನಂದೂ ಒಂದಿರಲಿ.”

ಮರುದಿನ ಅವರು ಒಂದು ಲೋಟ ಮಜ್ಜಿಗೆ ತಂದರು. ಅದರಲ್ಲಿ ಗೋಧಿ ಕಾಳಿನಷ್ಟು ಸುಣ್ಣ ಕದಡಿದ್ದರು. ಸುಣ್ಣವನ್ನು ಬೆರಳ ತುದಿಯಲ್ಲಿ ತೆಗೆದು ತೋರಿಸಿ, “ಇಷ್ಟ. ಹೆಚ್ಚಾದ್ರ ಬಾಯಿ ಸುಡತೈತಿ, ಕಮ್ಮಿ ಆದ್ರ ಕೆಲಸ ಮಾಡಂಗಿಲ್ಲ. ನಮ್ಮಪ್ಪ ಭಟ್ಟಿ ಮುಂದ ಕುಂತು ನಮಗೆಲ್ಲಾ ಕುಡಸತಿದ್ದ. ಸುಣಗಾರರ ಮನ್ಯಾಗ ಹೊಟ್ಟಿಬ್ಯಾನಿ ಅಂತ ಯಾರೂ ಡಾಕ್ಟರ ಮನಿ ಮೆಟ್ಟಲಾ ಹತ್ತಿಲ್ಲ” ಎಂದರು. ಅಷ್ಟು ಉದ್ದ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಕುಡಿದೆ. ಅರ್ಧ ತಾಸಿನಲ್ಲಿ ಎದೆಯುರಿ ನಿಂತಿತು. ಎರಡು ವರ್ಷದಲ್ಲಿ ಮೊದಲ ಸಲ ನಡು ನೆಟ್ಟಗೆ ಮಾಡಿ ನಿಂತೆ. ಅಂದಿನಿಂದ ಗುಳಿಗೆಯನ್ನು ಬರೀ ನೀರಿಗೆ ಬದಲು ಆ ಮಜ್ಜಿಗೆಯಲ್ಲಿಯೇ ನುಂಗತೊಡಗಿದೆ. ಅದು ಒಳಗೆ ನಿಲ್ಲುತ್ತಿತ್ತು. ಮಾವ ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಪಡಸಾಲೆಯ ಬಾಗಿಲಿಗೆ ಬಂದು, ಒಳಗೆ ಬಾರದೆ, ಹೊಸ್ತಿಲ ಮೇಲೆ ಲೋಟ ಇಟ್ಟು ಕೆಮ್ಮುತ್ತಿದ್ದರು. ಕೆಮ್ಮು ಕೇಳಿದರೆ ನಾನು ಗುಳಿಗೆಯ ಡಬ್ಬಿ ತೆರೆಯುತ್ತಿದ್ದೆ.

ಇದು ಯಾವ ತಿಂಗಳಿನಲ್ಲಿ ಶುರುವಾಯಿತು ಎಂಬುದೇ ಮುಂದೆ ದೊಡ್ಡ ಪ್ರಶ್ನೆಯಾಯಿತು. ನನ್ನ ನೆನಪು ಒಂದು ಹೇಳುತ್ತದೆ, ಗಂಡನ ನೆನಪು ಇನ್ನೊಂದು. ಅದಕ್ಕೆ ಆಮೇಲೆ ಬರುತ್ತೇನೆ.

ಗುಳಿಗೆ ಶುರುವಾದ ಎಂಟನೆಯ ತಿಂಗಳಿನಲ್ಲಿ ನಾನು ಬಸುರಿಯಾದೆ. ಡಾಕ್ಟರು ಹೇಳಿದ ಅಂಕಿ ಬರುವ ಮುನ್ನವೇ. ಹೆದರಿಕೆಯಲ್ಲೂ ಖುಷಿಯಾಯಿತು. ಗಂಡ ಬಾಗೇವಾಡಿಯಿಂದ ಪೇಢೆ ತಂದು, ಯಾರಿಗೂ ಹೇಳಬಾರದೆಂದು ತಾವೇ ನಿಯಮ ಮಾಡಿ, ತಾವೇ ಇಡೀ ಓಣಿಗೆ ಹಂಚಿದರು. ಮೂರನೆಯ ತಿಂಗಳು ತುಂಬುವ ಹೊತ್ತಿಗೆ ರಕ್ತಸ್ರಾವವಾಯಿತು. ವಿಜಯಪುರಕ್ಕೆ ಹೋಗುವ ಜೀಪಿನಲ್ಲಿ ಗಂಡ ನನ್ನ ಪಾದಗಳನ್ನು ತಮ್ಮ ತೊಡೆಯ ಮೇಲೆ ಎತ್ತಿ ಇಟ್ಟುಕೊಂಡಿದ್ದರು. ಪಾದ ಮೇಲಿದ್ದರೆ ಕೂಸು ನಿಲ್ಲುತ್ತದೆ ಎಂದು ಅವರಿಗೆ ಯಾರು ಹೇಳಿದ್ದರೋ. ಕೂಸು ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿದ್ದ ಎರಡು ದಿನವೂ ಮಾವ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದರಂತೆ. ಮೇಲೆ ಬರಲಿಲ್ಲ. ಹೆಂಗಸರ ವಾರ್ಡಿಗೆ ಗಂಡಸು ಬರಬಾರದೆಂದು ಅವರ ಲೆಕ್ಕ. ಒಬ್ಬ ನರ್ಸ್ ಬಿಸಿನೀರಿನ ಚೀಲ ತಂದು ನನ್ನ ಕಿಬ್ಬೊಟ್ಟೆಯ ಮೇಲಿಟ್ಟು, “ಕೆಳಗ ಕುಂತ ಅಜ್ಜಾ ಕಳಿಸ್ಯಾನ. ನನ್ನ ಕೈಯಾಗ ಹತ್ತ ರೂಪಾಯಿ ಇಟ್ಟು, ಬಿಸಿನೀರ ಕೊಡವಾ ನಮ್ಮ ಹುಡಿಗಿಗೆ ಅಂದ. ರೊಕ್ಕಾ ಬ್ಯಾಡೋ ಯಪ್ಪಾ ಅಂದ್ರೂ ಕೇಳವಲ್ಲ” ಎಂದಳು. ಆ ಎರಡು ದಿನಗಳಲ್ಲಿ ನನಗೆ ಬೆಚ್ಚಗೆ ಅನ್ನಿಸಿದ್ದು ಅದೊಂದೇ.

ಅವತ್ತು ತೆಗೆದ ರಕ್ತದಲ್ಲಿ ಅಂಕಿ ಮತ್ತೆ ನಲವತ್ತಕ್ಕೆ ಏರಿತ್ತು.

ಆಮೇಲಿನ ಒಂದೂವರೆ ವರ್ಷ ದಿನಚರಿಯಲ್ಲಿ ಬಹಳ ಕಡೆ ಖಾಲಿ ಇದೆ. ಬರೆದ ಕಡೆ ಅಕ್ಷರಗಳು ದೊಡ್ಡದಾಗಿವೆ, ಒಂದನೇ ತರಗತಿಯ ಮಕ್ಕಳು ಬರೆದಂತೆ. ಗುಳಿಗೆಯ ಬಲ ಐವತ್ತರಿಂದ ಎಪ್ಪತ್ತೈದಾಯಿತು, ನೂರಾಯಿತು, ನೂರಿಪ್ಪತ್ತೈದಾಯಿತು. ಅಂಕಿ ಒಂದು ಸಲ ಸ್ವಲ್ಪ ಇಳಿಯುತ್ತಿತ್ತು, ಮುಂದಿನ ಸಲ ಇನ್ನೂ ಮೇಲೆ ಹೋಗುತ್ತಿತ್ತು. ಆರು ವಾರಕ್ಕೊಮ್ಮೆ ರಕ್ತ, ಆಮೇಲೆ ಬೆಂಚಿನ ಮೇಲೆ ಎರಡು ತಾಸು, ಆಮೇಲೆ ಡಾಕ್ಟರ ಮುಖ.

ನಾಲ್ಕನೆಯ ಸಲಕ್ಕೆ ಆ ಮುಖ ಬದಲಾಯಿತು. “ಖರೆ ಹೇಳ್ರಿ, ಗುಳಗಿ ತಗೋತೀರೋ, ಚೆಲ್ಲತೀರೋ?”

“ದಿನಾ ತಗೋತೇನ್ರಿ.”

“ಇಷ್ಟು ಡೋಸ್ ಕುದುರಿಗೆ ಕೊಟ್ಟರೂ ಇಳೀಬೇಕಿತ್ತು.” ಆಮೇಲೆ ನನ್ನ ಗಂಡನ ಕಡೆ ತಿರುಗಿ, “ನೀವು ಎದುರಿಗೆ ನಿಂತು ನುಂಗಸ್ರಿ” ಎಂದರು.

ಆ ವಾರ ಒಂದು ದಿನ ನಾನು ಸ್ನಾನ ಮುಗಿಸಿ ಬಂದಾಗ, ಗಂಡ ಗುಳಿಗೆಯ ಡಬ್ಬಿಯನ್ನು ಅಂಗೈಗೆ ಬೋರಲು ಹಾಕಿಕೊಂಡು ಒಂದೊಂದಾಗಿ ಎಣಿಸಿ ಮತ್ತೆ ಒಳಗೆ ಹಾಕುತ್ತಿದ್ದರು. ನನ್ನನ್ನು ನೋಡಿ ಕೈ ಮುಚ್ಚಿದರು.

“ಎಷ್ಟು ಅದಾವು?” ಎಂದು ಕೇಳಿದೆ.

“ಸುಮ್ಮ ನೋಡಾಕತ್ತಿದ್ದೆ.”

“ಲೆಕ್ಕ ಹತ್ತಿತಿಲ್ಲ?”

“ಹತ್ತೇತಿ,” ಎಂದರು. ಗುಳಿಗೆಗಳನ್ನು ಡಬ್ಬಿಗೆ ಸುರಿಯುತ್ತ, “ಹತ್ತಬಾರದಿತ್ತು ಅನಸಾಕತ್ತೇತಿ. ಲೆಕ್ಕ ತಪ್ಪಿದ್ರ ಒಂದ ಕಾರಣಾರ ಸಿಗತಿತ್ತು” ಎಂದರು.

ಆ ಮಾತಿಗೆ ನಾನು ಅವರ ಮೇಲೆ ಸಿಟ್ಟು ಮಾಡಿಕೊಂಡೆನೋ, ಅಳುತ್ತ ಕೂತೆನೋ ಬರೆದಿಲ್ಲ. ನಾನೇ ನನ್ನನ್ನು ನಂಬುತ್ತಿರಲಿಲ್ಲ ಎಂಬುದು ಮಾತ್ರ ನಿಜ. ಬೀಗದ ಕೈ ಮರೆಯುವವಳು ಗುಳಿಗೆ ಮರೆಯುವುದಿಲ್ಲ ಎಂದು ಹೇಗೆ ಹೇಳುವುದು? ನುಂಗಿದ್ದೇನೆ ಎಂದುಕೊಂಡು ಬಾಯಿಂದ ತೆಗೆದು ಎಲ್ಲಿಯಾದರೂ ಇಡುತ್ತಿರಬಹುದೇ? ಒಂದು ದಿನ ದಿಂಬಿನ ಕೆಳಗೆ, ಅಕ್ಕಿ ಡಬ್ಬಿಯಲ್ಲಿ, ನನ್ನ ಚೀಲದಲ್ಲಿ ಗುಳಿಗೆಗಾಗಿ ಹುಡುಕಿದ್ದೇನೆ. ನನ್ನ ಕಳ್ಳತನವನ್ನು ನಾನೇ ಹಿಡಿಯಲು.

ಹೊಟ್ಟೆ ಊದಿಯೇ ಇರುತ್ತಿತ್ತು. ಸುಣ್ಣದ ಮಜ್ಜಿಗೆ ಬೆಳಗಿನ ಉರಿ ತಗ್ಗಿಸುತ್ತಿತ್ತು, ಸಂಜೆಗೆ ಮತ್ತೆ ತಮಟೆ. ಸಿಂದಗಿ ತಾಲೂಕಿನ ಕನ್ನೊಳ್ಳಿ ನನ್ನ ತವರು. ಅಲ್ಲಿ ಚಿಕ್ಕಪ್ಪನ ಮಗಳ ಕುಬಸ ಇತ್ತು. ಬಸುರಿಯ ಪಕ್ಕ ಉಡಿ ತುಂಬಲು ಕೂತವರಲ್ಲಿ ಒಬ್ಬ ಮುದುಕಿ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, “ನಿಂದ್ಯಾವಾಗವ್ವಾ? ಇಬ್ಬರದೂ ಒಮ್ಮಿಗೇ ಮಾಡಿದ್ರ ಖರ್ಚ ಉಳೀತಿತ್ತಲ್ಲ” ಎಂದಳು. ಸುತ್ತಲಿನವರು ಅವಳಿಗೆ ಕಣ್ಸನ್ನೆ ಮಾಡಿ ಸುಮ್ಮನಿರಿಸಿದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮುದುಕಿ ತನ್ನ ತಪ್ಪು ತಿಳಿದು ನನ್ನ ಉಡಿಗೆ ಎರಡು ಹಿಡಿ ಹೆಚ್ಚು ಅಕ್ಕಿ ಹಾಕಿದಳು. ನಾನು ಅದನ್ನು ಹೊತ್ತು ಊರಿಗೆ ಬಂದೆ. ಅಂದು ದಿನಚರಿಯಲ್ಲಿ ಬರೆದದ್ದು ಒಂದೇ ಸಾಲು: ‘ನಾಳೆ ಏಳದಿದ್ದರೂ ನಡೆದೀತು.’ ಬರೆದವಳನ್ನು ಬಲ್ಲೆ, ಆದರೆ ಆಗ ಅವಳ ಹತ್ತಿರ ಯಾರೂ ಇರಲಿಲ್ಲ, ನಾನೂ ಇರಲಿಲ್ಲ.

ಹನ್ನೆರಡನೆಯ ಸಲವೋ ಹದಿಮೂರನೆಯ ಸಲವೋ ಆಸ್ಪತ್ರೆಗೆ ಹೋದಾಗ, ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೊಲ್ಹಾರದ ಒಬ್ಬ ಹೆಂಗಸು ಕೂತಿದ್ದಳು. ಕೈಯಲ್ಲಿ ಎರಡು ಬಗೆಯ ಗುಳಿಗೆ. ನರ್ಸ್ ಅವಳಿಗೆ ಹೇಳುತ್ತಿದ್ದಳು.

“ಆಯಿ, ಎರಡೂ ಕೂಡಿ ನುಂಗಬ್ಯಾಡ್ರಿ. ಈ ಸಣ್ಣದು ಥೈರಾಯ್ಡಿಂದು, ಎದ್ದ ಕೂಡಲೆ. ಈ ದೊಡ್ಡದು ಕ್ಯಾಲ್ಸಿಯಂ, ಮಧ್ಯಾಹ್ನ ಉಂಡ ಮ್ಯಾಲ.”

“ಹೊಟ್ಯಾಗ ಹ್ವಾದ ಮ್ಯಾಲ ಎಲ್ಲಾ ಕೂಡತಾವಲ್ಲವಾ?”

“ಕೂಡಬಾರದು ಅಂತನ ಹೇಳಾಕತ್ತೇನಿ. ಕ್ಯಾಲ್ಸಿಯಂ ಅಂದ್ರ ಸುಣ್ಣ ಇದ್ದಂಗ ಆಯಿ. ಅದು ಈ ಸಣ್ಣ ಗುಳಗೀನ ಹಿಡಕೊಂಡು ಕುಂದ್ರತೈತಿ, ಮೈಗೆ ಹತ್ತಾಕ ಬಿಡಂಗಿಲ್ಲ. ನೀವು ನುಂಗಿದ್ದೂ ಒಂದ, ನುಂಗದಿದ್ದದ್ದೂ ಒಂದ.”

“ಅಯ್ಯ, ಹಂಗಾರ ಎಲಿ ಅಡಿಕಿಗೆ ಸುಣ್ಣಾ ಹಚ್ಚಬ್ಯಾಡೇನು?” ಎಂದು ಆಯಿ ಗಾಬರಿಯಾದಳು. ನರ್ಸ್ ನಕ್ಕಳು. ನನ್ನ ಗಂಡನೂ ನಕ್ಕರು. ನಗುತ್ತ ನಗುತ್ತ ನನ್ನ ಕಡೆ ತಿರುಗಿದವರು ನನ್ನ ಮುಖ ನೋಡಿ ನಿಲ್ಲಿಸಿದರು.

ಒಳಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಭಟ್ಟಿ, ಮಾವ, ಮಜ್ಜಿಗೆ, ಗೋಧಿ ಕಾಳು. ಅವರು ಪೆನ್ನು ಕೆಳಗಿಟ್ಟರು. ಈ ಸಲ ಮುಖದಲ್ಲಿ ಸಿಟ್ಟಿರಲಿಲ್ಲ; ನನ್ನ ಮೇಲೆ ಸಂಶಯ ಪಟ್ಟದ್ದಕ್ಕೆ ನಾಚಿಕೆಯಿತ್ತೇನೋ.

“ಎಷ್ಟು ದಿನದಿಂದ ಕುಡ್ಯಾಕತ್ತೀರಿ?”

ನಾನು ಗಂಡನನ್ನು ನೋಡಿದೆ. ಅವರು, “ಬಸುರಾಗೂಕ್ಕಿಂತ ಮೊದಲನ” ಎಂದರು. ನಾನು, “ಇಲ್ಲ, ಆಮ್ಯಾಲ. ಕೂಸು ಹೋದ ಮ್ಯಾಲ ತವರಾಗ ಇದ್ದು ಬಂದೆನಲ್ಲ, ಆಗಿಂದ” ಎಂದೆ. ಇಬ್ಬರೂ ಖಾತ್ರಿಯಿಂದಲೇ ಹೇಳಿದೆವು.

“ಕೂಸು ಹೋಗಿದ್ದು ಇದಕ್ಕೇನ್ರಿ?” ಎಂದು ಕೇಳಿದೆ.

“ಹಂಗ ಹೇಳಾಕ ಬರಂಗಿಲ್ಲ. ಹತ್ತು ಕಾರಣ ಇರತಾವು. ಇದೂ ಇರಬಹುದು, ಇರಲಿಕ್ಕೂ ಇಲ್ಲ.” ಆಮೇಲೆ ಮೆಲ್ಲಗೆ, “ಅದನ್ನ ಹುಡುಕಾಕ ಹೋಗಬ್ಯಾಡ್ರಿ” ಎಂದರು.

ಬಸ್ಸಿನಲ್ಲಿ ಗಂಡ ಹೇಳಿದ್ದು ಒಂದೇ ಮಾತು: “ಅಪ್ಪಗ ಗೊತ್ತಾಗಬಾರದು.”

ಹುಡುಕಬೇಡಿ ಎಂದರೆ ಇತಿಹಾಸ ಓದಿದವಳು ಕೇಳುತ್ತಾಳೆಯೇ? ಮನೆಗೆ ಬಂದವಳೇ ದಿನಚರಿ ತೆಗೆದೆ. ಬಸುರಿಯಿದ್ದ ವಾರಗಳಲ್ಲಿ ಬರೆದದ್ದು ಕಡಿಮೆ. ಒಂದು ಪುಟದಲ್ಲಿ, ಮೂರನೆಯ ತಿಂಗಳಿನ ಆರಂಭದಲ್ಲಿ, ಇಷ್ಟಿದೆ: ‘ಬೆಳಿಗ್ಗೆ ಮಾವ ಮಜ್ಜಿಗೆ ಕೊಟ್ಟರು. ಹೊಟ್ಟೆ ಹಗುರ.’ ಸುಣ್ಣ ಎಂಬ ಶಬ್ದವಿಲ್ಲ. ಬರೀ ಮಜ್ಜಿಗೆಯೇ ಇದ್ದಿರಬಹುದು. ಆದರೆ ಬರೀ ಮಜ್ಜಿಗೆಯಿಂದ ನನ್ನ ಹೊಟ್ಟೆ ಯಾವತ್ತೂ ಹಗುರಾದದ್ದಿಲ್ಲ. ಒಂದು ಸಾಲಿನಿಂದ ಏನೆಲ್ಲ ತೆಗೆಯಬಹುದೆಂದು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಪುಟ ಮುಚ್ಚಿದೆ.

ಮರುದಿನ ಹೊಸ್ತಿಲಲ್ಲಿ ಕೆಮ್ಮು ಕೇಳಿತು. ಹೊರಗೆ ಹೋಗಿ, “ಡಾಕ್ಟ್ರು ಮುಂಜಾನಿ ಮಜ್ಜಿಗಿ ಬ್ಯಾಡ ಅಂದಾರ್ರಿ ಮಾವಾರ, ಥಂಡಿ ಆಗತೈತಂತ” ಎಂದೆ. ಅವರು ಲೋಟವನ್ನು ನೋಡಿದರು, ನನ್ನನ್ನು ನೋಡಿದರು. “ಥಂಡಿ ಏನ ಆಗತೈತಿ, ಸುಣ್ಣಾ ಕಾವ ಇರತೈತಲ್ಲ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮಜ್ಜಿಗೆಯನ್ನು ಕರಿಬೇವಿನ ಬುಡಕ್ಕೆ ಸುರಿದರು. ಅದರ ಮರುದಿನವೂ ತಂದರು, ಮರೆತು. ಮತ್ತೆ ಸುರಿದರು.

ನಾನು ಓಕರಿಸುತ್ತ, ಮೂಗು ಮುಚ್ಚಿ, ಬರೀ ನೀರಿನಲ್ಲಿ ಗುಳಿಗೆ ನುಂಗಿದೆ. ಎದೆಯುರಿ ಮರಳಿ ಬಂತು. ಆರು ವಾರಕ್ಕೆ ಅಂಕಿ ಒಂಬತ್ತಕ್ಕೆ ಬಂದಿತ್ತು. ಇನ್ನೆರಡು ತಿಂಗಳಿಗೆ ನಾಲ್ಕು. ಅತಿಯಾಗಬಾರದೆಂದು ಗುಳಿಗೆಯ ಬಲವನ್ನೂ ಇಳಿಸಿದರು. ಅವತ್ತು ಗಂಡ ವರದಿಯನ್ನು ಬಾವುಟದ ಹಾಗೆ ಹಿಡಿದುಕೊಂಡು ಮನೆಯೊಳಗೆ ಬಂದರು. ಮಾವ ಕಟ್ಟೆಯ ಮೇಲೆ ಸುಣ್ಣ ಸೋಸುತ್ತಿದ್ದರು.

“ಅಪ್ಪಾ, ಇಳೀತು ನೋಡು! ಸುಣ್ಣಾ ಬಿಟ್ಟದ್ದ ತಡಾ, ಸರ್ರಂತ ಇಳೀತು!”

ಖುಷಿಯಲ್ಲಿ ಬಾಯಿಂದ ಜಾರಿತ್ತು. ಮಾವ ಸೋಸುವ ಬಟ್ಟೆಯನ್ನು ಹಿಡಿದುಕೊಂಡೇ ಕೂತರು. “ಯಾವ ಸುಣ್ಣಾ?” ಎಂದರು. ಗಂಡ ತಡವರಿಸುತ್ತ ನರ್ಸ್ ಹೇಳಿದ್ದನ್ನು ಹೇಳಿದರು. ಅಂದು ಒಂದೇ ರೊಟ್ಟಿ ತಿಂದು ಎದ್ದರು. ಮರುದಿನ ಹರವಿಯ ಬಾಯಿಗೆ ಬಟ್ಟೆ ಕಟ್ಟಿ ಭಟ್ಟಿಯ ಕಡೆ ಇಟ್ಟರು. ಅಂಗಡಿಯವನೊಬ್ಬ ಸುಣ್ಣ ಕೇಳಲು ಬಂದರೆ, “ಬ್ಯಾರೆ ಕಡೆ ತಗೋರಿ” ಎಂದು ಕಳಿಸಿದರು. ನನ್ನೊಡನೆ ಮಾತು ನಿಂತಿತು. ಊಟ ಬೇಕಾದರೆ ಮತ್ತೆ ಕಂಬಕ್ಕೆ ಹೇಳತೊಡಗಿದರು.

ಈಗ ನನಗೆ ಮೂವತ್ತೇಳು. ಅಂಕಿ ಎರಡೂವರೆಯ ಆಸುಪಾಸಿನಲ್ಲಿದೆ. ಮಗು ಆಗಿಲ್ಲ. ಡಾಕ್ಟರು ‘ನೋಡೋಣ’ ಎನ್ನುತ್ತಾರೆ. ಆ ಶಬ್ದಕ್ಕೆ ಮೊದಲಿನ ಕಸುವಿಲ್ಲ. ಮುಖದ ಊತ ಇಳಿದಿದೆ, ತರಗತಿಯಲ್ಲಿ ಪಾಠದ ನಡುವೆ ನಿಲ್ಲುವುದು ಕಡಿಮೆಯಾಗಿದೆ. ಹೊಟ್ಟೆ ಇನ್ನೂ ಊದುತ್ತದೆ. ಗುಳಿಗೆಗೂ ಸುಣ್ಣಕ್ಕೂ ನಾಲ್ಕು ತಾಸು ಅಂತರವಿದ್ದರೆ ಸಾಕು, ಸಂಜೆ ಕುಡಿಯಬಹುದು ಎಂದು ಡಾಕ್ಟರು ಹೇಳಿದ್ದಾರೆ. ನಾನು ಅದನ್ನು ಮಾವನವರಿಗೆ ಹೇಳಿದೆ. ಅವರು ಕಂಬದ ಕಡೆ ತಿರುಗಿ ರೊಟ್ಟಿ ಕೇಳಿದರು.

ಹೇಳದೆ ಉಳಿಸಿಕೊಂಡದ್ದು ಒಂದಿದೆ. ಆ ಖುಷಿಯ ದಿನ ಕಳೆದು ಎಂಟು ಹತ್ತು ದಿನಗಳಾಗಿರಬೇಕು. ರವಿವಾರ ಮಧ್ಯಾಹ್ನ. ಗಂಡ ಸಂತೆಗೆ ಹೋಗಿದ್ದರು. ನಾನು ಪಡಸಾಲೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಮಾವ ಬಂದರು. ಹೊಸ್ತಿಲಿನಲ್ಲಿ ನಿಲ್ಲಲಿಲ್ಲ, ಒಳಗೆ ಬಂದು ನನ್ನೆದುರು ನೆಲದ ಮೇಲೆ ಕೂತರು. ತಮ್ಮ ಬೆರಳುಗಳನ್ನು ನೋಡಿಕೊಂಡರು. ಸುಣ್ಣ ತಾಗಿ ಬಿರುಕು ಬಿಟ್ಟ ಬೆರಳುಗಳು.

“ಯವ್ವಾ, ಒಂದ ಮಾತ ಕೇಳತೇನಿ. ಖರೆ ಹೇಳಬೇಕು.”

“ಕೇಳ್ರಿ ಮಾವಾರ.”

“ಆ ಕೂಸ ಹೊಟ್ಯಾಗ ಇದ್ದಾಗ, ನಾ ನಿನಗ ಸುಣ್ಣಾ ಕೊಡಾಕತ್ತಿದ್ದೆನೇನು? ನನಗ ನೆನಪ ಆಗವಲ್ದು. ಎಂಟ ದಿನಾ ಆತು, ನೆನಸಾಕತ್ತೇನಿ. ಒಂದ ಸಲಾ ಕೊಟ್ಟಂಗ ಅನಸತೈತಿ, ಒಂದ ಸಲಾ ಇಲ್ಲ ಅನಸತೈತಿ.”

“ಇಲ್ಲರಿ,” ಎಂದೆ. “ಅದು ಆಮ್ಯಾಲ ಶುರುವಾತು.”

“ನಿನಗೂ ಮರವು ಐತಿ. ನಿನ್ನ ಬಾಯಿ ಮಾತ ಬ್ಯಾಡ. ನೀ ದಿನಾ ಬರೀತಿಯಲ್ಲ, ಆ ವಹಿ ತಾ. ಅದರಾಗ ಏನೈತಿ ಓದು.”

ಅವರಿಗೆ ಓದಲು ಬರುವುದಿಲ್ಲ. ಭಟ್ಟಿಯ ಮುಂದೆ ಬೆಳೆದವರು, ಶಾಲೆಯ ಮುಖ ಕಂಡವರಲ್ಲ. ಆದರೆ ಬರೆದದ್ದರ ಮೇಲೆ ಅವರಿಗೆ ಇದ್ದ ವಿಶ್ವಾಸ ನನಗೆ ಯಾವತ್ತೂ ಇರಲಿಲ್ಲ. ಎದ್ದು ಕಪಾಟಿನಿಂದ ದಿನಚರಿ ತಂದೆ. ಆ ಪುಟವನ್ನು ಹುಡುಕಬೇಕಾಗಿರಲಿಲ್ಲ, ಬೆರಳು ತಾನೇ ಅಲ್ಲಿಗೆ ಹೋಯಿತು. ‘ಬೆಳಿಗ್ಗೆ ಮಾವ ಮಜ್ಜಿಗೆ ಕೊಟ್ಟರು. ಹೊಟ್ಟೆ ಹಗುರ.’ ಅದರ ಮೇಲೆ ಬೆರಳಿಟ್ಟುಕೊಂಡು, ಅದರಲ್ಲಿ ಇಲ್ಲದ್ದನ್ನು ಓದಿದೆ.

“ತವರಿಂದ ಬಂದೆ. ಹೊಟ್ಟೆ ಬಹಳ ನೋವು. ಮಾವ ಇಂದು ಮೊದಲ ಸಲ ಮಜ್ಜಿಗೆಯಲ್ಲಿ ಸುಣ್ಣ ಕದಡಿ ಕೊಟ್ಟರು.”

ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ಇನ್ನೊಮ್ಮಿ ಓದವ್ವಾ.”

ಪುಟದ ಕಡೆ ನೋಡಿದೆ. ಅಲ್ಲಿ ಮಜ್ಜಿಗೆ ಇತ್ತು, ಹಗುರಾದ ಹೊಟ್ಟೆ ಇತ್ತು. ಈಗಷ್ಟೇ ನಾನು ಓದಿದ ಮಾತುಗಳು ಇರಲಿಲ್ಲ. ಯಾವುದು ಮೊದಲು ಹೇಳಿದ್ದೆ, ತವರೋ, ನೋವೋ? ಇಂದು ಎಂದೆನೋ, ನಿನ್ನೆ ಎಂದೆನೋ? ತಲೆಯಲ್ಲಿ ಆ ಹಳೆಯ ಮಂಜು ಇಳಿಯಿತು. ಬಾಯಿಗೆ ಬಂದದ್ದನ್ನು ಓದಿದೆ. ಮೊದಲಿನದಕ್ಕಿಂತ ಉದ್ದವಾಯಿತು, ಮಾವ ಬಹಳ ಕಾಳಜಿ ಮಾಡುತ್ತಾರೆ ಎಂಬ ಅರ್ಥದ ಒಂದು ಮಾತೂ ಸೇರಿತು.

ಮಾವ ಕಣ್ಣು ತೆರೆದರು. ನನ್ನನ್ನು ನೋಡಲಿಲ್ಲ, ಪುಟದ ಮೇಲೆ ನಾನಿಟ್ಟ ಬೆರಳನ್ನು ನೋಡಿದರು. ಮೊಣಕಾಲಿನ ಮೇಲೆ ಕೈಯೂರಿ ಎದ್ದರು.

“ಎರಡನೇದ್ದು ಛಲೋ ಐತಿ,” ಎಂದರು. “ಅದನ್ನ ಬರದಿಡು.”

ಅವರು ಹಿತ್ತಲಿಗೆ ಹೋದ ಮೇಲೆ ಪೆನ್ನು ತೆಗೆದುಕೊಂಡು ಕೂತೆ. ಎರಡನೆಯ ಸಲ ಏನು ಓದಿದ್ದೆನೆಂದು ಎಷ್ಟು ನೆನೆಸಿದರೂ ಸರಿಯಾಗಿ ನೆನಪಾಗಲಿಲ್ಲ.